ಆಶಾಬಿಯ ಗೋಡೆಯ ಪೊಟ್ಟಣ

ಮೊದಲ ಬಾಣಂತನಕ್ಕೆ ಮಗಳು ತವರಿಗೆ ಬರಬೇಕು. ಇದನ್ನು ಯಾವ ಕಾಯಿದೆಯಲ್ಲೂ ಬರೆದಿಲ್ಲ, ಆದರೂ ನಮ್ಮ ಕಡೆ ಇದನ್ನು ಮೀರಿದವರನ್ನು ಓಣಿಯೇ ವಿಚಾರಿಸಿಕೊಳ್ಳುತ್ತದೆ. ಅಂಥದ್ದರಲ್ಲಿ ಶಹಾಬಾದ ಹತ್ತಿರದ ಖಣಿ ಓಣಿಯ ಆಶಾಬಿಗೆ ಬೀಗತಿ ಜೈತುನ್ಬೀ ಹೀಗೆ ಹೇಳಿ ಕಳಿಸಿದಳು:

“ಸೊಸಿನ್ನ ನಿಮ್ಮನಿಗಿ ಕಳಸಂಗಿಲ್ಲ. ನಿಮ್ಮೂರ ಕಲ್ಲಿನಾಗ ವಿಷ ಅದಂತ.”

ನೆಲಕ್ಕೆ ಹಾಸುವ ಪರ್ಸಿ ಕಲ್ಲು ಹೇರಿಕೊಂಡು ಸೇಡಂಗೆ ಹೋಗಿ ಬಂದ ಲಾರಿ ಡ್ರೈವರ್ ಈ ಮಾತನ್ನು ತಂದು ಬಾಗಿಲಲ್ಲಿ ಇಳಿಸಿದ. ಕೊಟ್ಟ ನೀರನ್ನೂ ಕುಡಿಯದೆ ಹೊರಟುಹೋದ. ಆಶಾಬಿ ತುಂಬಿದ ತಂಬಿಗೆಯನ್ನು ಹಾಗೇ ಒಳಗೆ ಒಯ್ದಳು.

ಅದು 1984ರ ಫೆಬ್ರವರಿ. ಆಶಾಬಿಯ ಒಬ್ಬಳೇ ಮಗಳು ಶಹರಬಾನುವನ್ನು ಸೇಡಂ ದಾಟಿ ಗುಡ್ಡದ ಕಡೆಯ ಒಂದು ಊರಿಗೆ ಕೊಟ್ಟಿದ್ದರು. ಅವಳಿಗೆ ಆಗ ನಾಲ್ಕು ತಿಂಗಳು. ಏಳು ತುಂಬಿದ ಮೇಲೆ ಹೂವು ಮುಡಿಸಿ, ಹಸಿರು ಬಳೆ ತೊಡಿಸಿ ಕರೆತರಬೇಕು. ಬಾಣಂತಿಗೆಂದು ಆಶಾಬಿ ಆಗಲೇ ಮೂಲೆಯ ಕೋಣೆಗೆ ಸುಣ್ಣ ಬಳಿದು, ಹಳೆ ಸೀರೆಗಳನ್ನು ಒಗೆದು ಕೌದಿ ಹೊಲಿಯಲು ಕೂತಿದ್ದಳು. ಹೊಲಿದದ್ದು ಅರ್ಧ ಆಗಿತ್ತು, ಅಷ್ಟರಲ್ಲಿ ಈ ಮಾತು.

ವಿಷದ ಸುದ್ದಿ ಎಲ್ಲಿಂದ ಹುಟ್ಟಿತು ಅಂತೀರಾ? ಹಿಂದಿನ ತಿಂಗಳು ವಿಕಿರಣ ಅಳೆಯುವ ಸರ್ವೇದವರು ಖಣಿಗೆ ಬಂದಿದ್ದರು. ದಶರಥ ಎಂಬ ಕನ್ನಡಕದ ಮನುಷ್ಯ ಒಂದು ಸಣ್ಣ ಪೆಟ್ಟಿಗೆಯನ್ನು ಕಲ್ಲಿನ ಬಳಿ ಹಿಡಿದ. ಪೆಟ್ಟಿಗೆ ಟಿಕ್, ಟಿಕ್ ಅಂದಿತು. ಅಷ್ಟೇ ಆದದ್ದು. ಆದರೆ ನಮ್ಮ ಗಾಳಿಸುದ್ದಿ ಪ್ಯಾಸೆಂಜರ್ ರೈಲಿನ ಹಾಗೆ, ಎಲ್ಲ ಸ್ಟೇಷನ್ನಿನಲ್ಲೂ ನಿಂತು ಒಂದಿಷ್ಟು ಹತ್ತಿಸಿಕೊಂಡೇ ಹೋಗುತ್ತದೆ. ಶಹಾಬಾದಿನಲ್ಲಿ “ಕಲ್ಲು ಸದ್ದು ಮಾಡ್ತದ” ಎಂದಿದ್ದದ್ದು ವಾಡಿಯಲ್ಲಿ “ಕಲ್ಲು ಕಿರಣ ಬಿಡ್ತದ” ಆಯಿತು. ಚಿತ್ತಾಪುರದಲ್ಲಿ ಕಿರಣಕ್ಕೆ ವಿಷ ಸೇರಿತು. ಸೇಡಂ ಮುಟ್ಟುವ ಹೊತ್ತಿಗೆ ಖಣಿಯಲ್ಲಿ ಎರಡು ಎಮ್ಮೆ ಸತ್ತಿದ್ದವು. ಖಣಿ ಓಣಿಯಲ್ಲಿ ಎಮ್ಮೆಯೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಆಶಾಬಿಯ ಗಂಡ ಮಜೀದಸಾಬ ಖಣಿಯಲ್ಲಿ ಚಾಣ ಹಿಡಿದು ಕಲ್ಲಿನ ಪದರ ಬಿಡಿಸುವವನು. ಸಂಜೆ ಮನೆಗೆ ಬಂದು ಸುದ್ದಿ ಕೇಳಿ ಕೆಂಡವಾದ.

“ಮೂವತ್ತು ವರ್ಷ ಆತು ಈ ಕಲ್ಲಿನಾಗೇ ಇದ್ದೀನಿ. ನನಗೇನಾಗ್ಯದ?” ಎಂದವನೇ ಕೆಮ್ಮಿದ. ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಆಶಾಬಿ ಆರೋಗ್ಯ ಉಪಕೇಂದ್ರದ ನರ್ಸ್ ತುಳಜಾಬಾಯಿಯ ಬಳಿ ಹೋದಳು. ಸರ್ವೇದವರನ್ನು ಓಣಿಯ ಮನೆಗಳಿಗೆ ಕರೆತಂದವಳು ಇವಳೇ.

“ನೀವೇ ಹೇಳ್ರಿ ನರ್ಸಬಾಯಿ, ನಮ್ಮ ಮನಿ ನೆಲ ಪರ್ಸಿ, ಗ್ವಾಡಿ ಪರ್ಸಿ, ಮಾಳಗಿನೂ ಪರ್ಸಿ. ವಿಷ ಇದ್ರ ಎಲ್ಲಿಗಿ ಹೋಗಾಮು?”

“ಕುಂದ್ರಿ ಆಶಾಬಿ, ಜರಾ ಉಸುರು ಬಿಡ್ರಿ. ಕಿರಣ ಅನ್ನೋದು ಹೊಸಾದಲ್ಲ. ದವಾಖಾನಿನಾಗ ಎಕ್ಸರೇ ಫೋಟೋ ತಗೀತಾರಲ್ಲ, ಆ ಜಾತಿದ್ದು. ಅದು ಭೂಮಿಯಿಂದ ಬರ್ತದ, ಕಲ್ಲಿನಿಂದ ಬರ್ತದ, ಆಕಾಶದಿಂದನೂ ಬರ್ತದ. ಎಲ್ಲಾ ಊರಾಗೂ ಅದ. ಎಷ್ಟು ಅದ ಅನ್ನೋದಷ್ಟೇ ಪ್ರಶ್ನೆ.”

“ನಮ್ಮೂರಾಗ ಎಷ್ಟದ ಮತ್ತ?”

“ಅದನ್ನ ತಿಳೀಲಿಕ್ಕೇ ನಿಮ್ಮ ಮನ್ಯಾಗ ಪೊಟ್ಟಣ ತೂಗ ಹಾಕಿದ್ದು.”

ಹೌದು, ಪೊಟ್ಟಣ. ಜನವರಿಯಲ್ಲಿ ಓಣಿಯ ಹತ್ತು ಮನೆಗಳಲ್ಲಿ ದಶರಥ ಒಂದೊಂದು ಪೊಟ್ಟಣವನ್ನು ಮೊಳೆಗೆ ತೂಗಿಬಿಟ್ಟಿದ್ದ. ಬೆರಳಿನಷ್ಟು ಉದ್ದ, ಒಳಗೆ ಚಿಟಿಕೆ ಬಿಳಿ ಪುಡಿ. ಮೂರು ತಿಂಗಳು ಆ ಪುಡಿ ಮನೆಯ ಕಿರಣವನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಒಯ್ದು ಲೆಕ್ಕ ನೋಡುತ್ತೇವೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು, ಜಾಗ ಬದಲಿಸಬಾರದು ಎಂದು ಹೇಳಿ ಹೋಗಿದ್ದ.

“ನಂಬರ್ ಚಲೋ ಬಂದ್ರ ಬೀಗತಿ ನಂಬ್ತಾಳೇನ್ರಿ?” ಆಶಾಬಿ ಕೇಳಿದಳು.

“ಬರೆದ ಕಾಗದ ನಾನೇ ಓದಿ ಹೇಳ್ತೀನಿ. ನಂಬಲಾರದೇ ಏನ್ ಮಾಡ್ತಾರ?”

ಆಶಾಬಿಗೆ ಇಷ್ಟು ಸಾಕಾಯಿತು. ಅಂದಿನಿಂದ ಅವಳ ಜೀವವೆಲ್ಲ ಆ ಪೊಟ್ಟಣದಲ್ಲೇ ಇತ್ತು. ಕಸ ಗುಡಿಸುವಾಗ ಅದನ್ನು ನೋಡುವಳು, ರೊಟ್ಟಿ ಬಡಿಯುತ್ತ ತಿರುಗಿ ನೋಡುವಳು. ಮಗಳು ತವರಿಗೆ ಬರುವುದು ಬಿಡುವುದು ಚಿಟಿಕೆ ಪುಡಿಯ ಕೈಯಲ್ಲಿತ್ತು. ಸುಮ್ಮನೆ ಕೂರುವುದಾದರೂ ಹೇಗೆ? ತಾಯಿಯ ಕರುಳು ಏನಾದರೊಂದು ಮಾಡು ಎನ್ನುತ್ತಿತ್ತು.

ಆ ಮನೆಯಲ್ಲಿ ಪ್ರತಿ ಗುರುವಾರ ಸಂಜೆ ಲೋಬಾನದ ಹೊಗೆ ಹಾಕುವ ರೂಢಿ. ಮಣ್ಣಿನ ಧೂಪದಾನಿಯಲ್ಲಿ ನಿಗಿನಿಗಿ ಕೆಂಡ ತುಂಬಿ, ಮೇಲೆ ಲೋಬಾನ ಉದುರಿಸಿ, ಕೋಣೆ ಕೋಣೆಗೂ ಹಿಡಿದು ಬರುವುದು. ಹೊಗೆ ಹೋದಲ್ಲಿ ಕೆಟ್ಟದ್ದು ನಿಲ್ಲದು ಎಂದು ಆಶಾಬಿಯ ಅತ್ತೆಯ ಕಾಲದಿಂದ ನಡೆದು ಬಂದದ್ದು. ಪೊಟ್ಟಣ ತೂಗುತ್ತಿದ್ದದ್ದು ಗೋಡೆಯ ಗೂಡಿನ ಮೇಲೆ. ಆಶಾಬಿ ಗುರುವಾರ ಗುರುವಾರ ಧೂಪದಾನಿಯನ್ನು ತಂದು ಆ ಗೂಡಿನಲ್ಲಿ, ಸರಿಯಾಗಿ ಪೊಟ್ಟಣದ ಕೆಳಗೆ ಇಟ್ಟುಬಿಡತೊಡಗಿದಳು. ಕೆಂಡ ಆರುವವರೆಗೂ ಅಲ್ಲೇ ಇರುತ್ತಿತ್ತು. ಮುಟ್ಟಬೇಡ ಎಂದಿದ್ದರು, ಅವಳು ಮುಟ್ಟಲಿಲ್ಲ. ಜಾಗ ಬದಲಿಸಬೇಡ ಎಂದಿದ್ದರು, ಬದಲಿಸಲಿಲ್ಲ. ಹೊಗೆ ಹಾಕಬೇಡ ಎಂದು ಯಾರೂ ಹೇಳಿರಲಿಲ್ಲ!

ಏಪ್ರಿಲ್ ನಡುವೆ ದಶರಥ ಬಂದು ಹತ್ತೂ ಪೊಟ್ಟಣ ಬಿಚ್ಚಿಕೊಂಡು ಹೋದ. ಮೇ ತಿಂಗಳ ಮೊದಲ ವಾರ ಅಳತೆಯ ಕಾಗದ ಹಿಡಿದು ಉಪಕೇಂದ್ರಕ್ಕೆ ಬಂದ. ಶಹರಬಾನುಗೆ ಏಳು ತುಂಬಲು ಹತ್ತು ದಿನ ಉಳಿದಿತ್ತು. ಆಶಾಬಿ ಮತ್ತು ಮಜೀದಸಾಬ ಎಲ್ಲರಿಗಿಂತ ಮುಂಚೆ ಹೋಗಿ ಕೂತಿದ್ದರು.

“ಒಂಬತ್ತು ಮನಿದು ಹೆಚ್ಚುಕಡಿಮಿ ಒಂದೇ ಬಂದದ” ಎಂದ ದಶರಥ. “ಸುಣ್ಣದ ಜಾತಿ ಕಲ್ಲಿನಾಗ ಇರಬೇಕಾದಷ್ಟೇ ಅದ. ಭಯ ಪಡೋವಂಥಾದ್ದು ಏನಿಲ್ಲ. ಆಶಾಬಿಯವರ ಮನಿದು ಅದಕ್ಕಿಂತ ಅರ್ಧ ಬಂದದ.”

“ಅರ್ಧ!” ಮಜೀದಸಾಬ ತೊಡೆ ತಟ್ಟಿಕೊಂಡ. “ಕೊಡ್ರಿ ಸರ ಆ ಕಾಗದ. ಇವತ್ತೇ ಸೇಡಂ ಗಾಡಿ ಹತ್ತತೀನಿ. ಬೀಗತಿ ಮುಂದ ಹಿಡೀತೀನಿ.”

ಆಶಾಬಿಯ ಕಣ್ಣು ತುಂಬಿ ಬಂತು. ಲೋಬಾನ ಕೈ ಬಿಡಲಿಲ್ಲ ಎಂದುಕೊಂಡಳು. ಆದರೆ ದಶರಥ ಕಾಗದ ಕೊಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ.

“ಇಷ್ಟು ಕಡಿಮಿ ಬರಬಾರದು. ಊರ ಹೊರಗ ಬಯಲಾಗ ನಾವು ಬ್ಯಾರೆ ಒಂದು ತೂಗ ಹಾಕಿದ್ವಿ, ಅದಕ್ಕಿಂತನೂ ಕಡಿಮಿ ಅದ ಇದು. ಅದೇ ಕಲ್ಲು, ಅದೇ ಓಣಿ. ಪೊಟ್ಟಣ ತೆಗೆದು ಬ್ಯಾರೆ ಕಡಿ ಇಟ್ಟಿದ್ರೇನು?”

“ಇಲ್ರಿ. ದೇವರಾಣಿ, ಮುಟ್ಟಿಲ್ಲ.”

“ಹಾಂಗಿದ್ರ ಹಾಂಗೇ ಬರದು ಕೊಡ್ತೀನಿ. ಆದ್ರ ನನಗ ಯಾಕೋ ಮನಸ್ಸು ಒಪ್ಪವಲ್ದು. ಆ ಪುಡಿಗಿ ನೆನಪು ಅದ ಅಂದೆನಲ್ಲ, ಆ ನೆನಪು ನಾವು ಹ್ಯಾಂಗ ಓದ್ತೀವಿ ಗೊತ್ತೇನ್ರಿ? ಮಷೀನಿನಾಗ ಇಟ್ಟು ಕಾಸ್ತೀವಿ. ಕಾಸಿದ್ರ ಸಣ್ಣ ಬೆಳಕು ಬಿಡ್ತದ. ಬೆಳಕು ಎಷ್ಟು ಬಂತು, ಕಿರಣ ಅಷ್ಟು ಬಿದ್ದದ ಅಂತ ಲೆಕ್ಕ. ಒಮ್ಮಿ ಕಾಸಿದ ಮ್ಯಾಲ ನೆನಪು ಹೋತು. ನಮಗಿಂತ ಮೊದಲೇ ಅದಕ್ಕ ಕಾವು ತಾಕಿತ್ತು ಅಂದ್ರ, ನೆನಪು ಅಲ್ಲೇ ಸೋರಿ ಹೋಗಿರ್ತದ.”

ಆಶಾಬಿಗೆ ಈಗ ಹೊಳೆಯಿತು. ಗೂಡು, ಕೆಂಡ, ಒಂಬತ್ತು ಗುರುವಾರ.

ಈಗ ಅವಳು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ. ಬಾಯಿ ಮುಚ್ಚಿಕೊಂಡಿದ್ದರೆ ಕಾಗದ ಸಿಗುತ್ತದೆ. ಕಾಗದ ಸಿಕ್ಕರೆ ಬೀಗತಿ ನಂಬುತ್ತಾಳೆ, ಮಗಳು ಬರುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಬಂದ ಮಗಳು ಮಲಗುವುದು ಎಲ್ಲಿ? ಅದೇ ನೆಲದ ಮೇಲೆ, ನಲವತ್ತು ದಿನ, ಹಸಿಗೂಸಿನ ಜೊತೆ. ಆ ನೆಲ ಹೇಗಿದೆ ಎಂದು ಈಗ ಆಶಾಬಿಗೂ ಗೊತ್ತಿಲ್ಲ. ಬೀಗತಿಯನ್ನು ನಂಬಿಸಲು ಹೋಗಿ ತನ್ನ ಕಣ್ಣನ್ನೇ ಕಟ್ಟಿಕೊಂಡ ಹಾಗಾಯಿತಲ್ಲ ಎಂದು ಅವಳಿಗೆ ನಾಚಿಕೆಯೂ ಭಯವೂ ಒಟ್ಟಿಗೇ ಆಯಿತು.

“ಸರ, ಆ ಕಾಗದ ಹರೀರಿ” ಎಂದಳು. “ನಾ ಅದರ ಕೆಳಗ ಕೆಂಡ ಇಟ್ಟೀನಿ. ಪ್ರತಿ ಗುರುವಾರ. ಲೋಬಾನ ಹಾಕ್ಲಿಕ್ಕೆ.”

ಮಜೀದಸಾಬ ತಲೆ ಮೇಲೆ ಕೈ ಇಟ್ಟುಕೊಂಡ. “ಕೈಗಿ ಬಂದ ತುತ್ತು ಬಾಯಿಗಿ ಬರಲಿಲ್ಲ ನೋಡು. ಸುಮ್ಕಿರಬಾರದಿತ್ತೇನ?”

“ಹ್ಯಾಂಗ ಸುಮ್ಕಿರ್ಲಿ? ಅಲ್ಲಿ ಮಲಗಾಕಿ ನನ್ನ ಮಗಳು.”

ದಶರಥನಿಗೆ ಸಿಟ್ಟು ಬರಲಿಲ್ಲ. “ಕಾವು ತಾಕಿಸಬ್ಯಾಡ್ರಿ ಅಂತ ನಾವು ಮೊದಲೇ ಹೇಳಬೇಕಿತ್ತು. ತಪ್ಪು ನಮ್ಮದೂ ಅದ. ಈಗ ಮತ್ತ ಮೂರು ತಿಂಗಳು ಕಾಯ್ಲಿಕ್ಕೆ ನಿಮಗ ಟೈಮಿಲ್ಲ. ಆದ್ರ ಟಿಕ್ ಟಿಕ್ ಪೆಟ್ಟಗಿ ಅದಲ್ಲ, ಅದು ನಿಂತಲ್ಲೇ ಹೇಳ್ತದ. ಪೊಟ್ಟಣದಷ್ಟು ನಿಖರ ಅಲ್ಲ, ಖರೆ. ಈಗಿನ ಮಟ್ಟಿಗಿ ಸಾಕು.”

“ಹಾಂಗಿದ್ರ ಅದನ್ನ ನಮ್ಮ ಬೀಗತಿ ಮುಂದೇ ಹಚ್ಚರಿ” ಎಂದಳು ಆಶಾಬಿ.

ಸರ್ವೇ ಕೆಲಸಕ್ಕೆ ದಶರಥ ಹೇಗೂ ಸೇಡಂ ಕಡೆ ಹೊರಟಿದ್ದ. ಎರಡು ದಿನ ಬಿಟ್ಟು ಅವನು, ತುಳಜಾಬಾಯಿ, ಆಶಾಬಿ ಮೂವರೂ ವಾಡಿಯಲ್ಲಿ ಗಾಡಿ ಬದಲಿಸಿ, ಸೇಡಂನಲ್ಲಿ ಇಳಿದು, ಬಸ್ಸು ಹಿಡಿದು ಗುಡ್ಡದ ಊರು ಮುಟ್ಟಿದರು.

ಜೈತುನ್ಬೀ ಕೆಟ್ಟ ಹೆಂಗಸಲ್ಲ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವಳು. ಹಾಗಾಗಿ ಮೊಮ್ಮಗುವಿನ ವಿಷಯದಲ್ಲಿ ಹಗ್ಗ ಕಂಡರೂ ಅವಳಿಗೆ ಹಾವೇ. ಬಂದವರಿಗೆ ಚಹಾ ಕೊಟ್ಟಳು, ಸೊಸೆಯನ್ನು ಮಾತ್ರ ತನ್ನ ಬೆನ್ನ ಹಿಂದೆಯೇ ಕೂರಿಸಿಕೊಂಡಳು.

ಆಶಾಬಿ ಚಹಾ ಮುಟ್ಟಲಿಲ್ಲ. “ಆಪಾ, ಮೊದಲು ಒಂದು ಮಾತು ಕೇಳ್ರಿ. ನಮ್ಮನಿ ನಂಬರ್ ಭಾಳ ಚಲೋ ಬಂದಿತ್ತು. ಆದ್ರ ಅದು ಸುಳ್ಳು ನಂಬರ್. ನಾನೇ ಕೆಡಿಸೀನಿ.” ಕೆಂಡದ ಕಥೆಯನ್ನೆಲ್ಲ ಹೇಳಿದಳು. ಬೆನ್ನ ಹಿಂದೆ ಶಹರಬಾನು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಜೈತುನ್ಬೀ ನಗಲಿಲ್ಲ, ಆಶಾಬಿಯ ಮುಖವನ್ನೇ ನೋಡುತ್ತ ಕೂತಳು.

“ಹಾಂಗಿದ್ರ ಈಗ ಯಾಕ ಬಂದೀರಿ?”

“ನಿಮ್ಮ ಕಣ್ಣ ಮುಂದ ಅಳತಿ ಮಾಡಿಸ್ಲಿಕ್ಕೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ. ನೀವೇ ಪ್ರಮಾಣಿಸಿ ನೋಡ್ರಿ.”

ದಶರಥ ಪೆಟ್ಟಿಗೆ ತೆಗೆದು, ನಡುಮನೆಯಲ್ಲಿ ಸೊಂಟದ ಎತ್ತರಕ್ಕೆ ಸ್ಟೂಲಿನ ಮೇಲೆ ಇಟ್ಟು ಗುಂಡಿ ಒತ್ತಿದ. ಟಿಕ್. ಟಿಕ್ ಟಿಕ್. ಜೈತುನ್ಬೀ ಗಾಬರಿಯಾಗಿ ಎದ್ದಳು.

“ಯಾ ಅಲ್ಲಾ! ನಮ್ಮನ್ಯಾಗೂ ಬಂತೇನು? ನಿಮ್ಮ ಕಾಲಿಗಿ ಹತ್ತಿಕೊಂಡು ಬಂದದ!”

“ಬಂದಿಲ್ರಿ ಅಮ್ಮಾ, ಮೊದಲಿಂದನೂ ಇಲ್ಲೇ ಅದ” ಎಂದ ದಶರಥ. “ನಿಮ್ಮ ಅಜ್ಜನ ಕಾಲದಾಗೂ ಇತ್ತು. ಕೇಳೋ ಪೆಟ್ಟಗಿ ಇರಲಿಲ್ಲ ಅಷ್ಟೇ.”

“ಎಷ್ಟು ಅಂದ್ರ ಎಷ್ಟು?”

“ನಿಮಿಷಕ್ಕ ಎಷ್ಟು ಸದ್ದು ಬರ್ತಾವ, ಎಣಿಸಬೇಕು.”

“ನೀವು ಎಣಿಸಬ್ಯಾಡ್ರಿ. ನಾ ಎಣಿಸ್ತೀನಿ.” ಜೈತುನ್ಬೀ ಒಳಗೆ ಹೋಗಿ ತನ್ನ ಜಪಮಣಿಯ ತಸಬಿ ತಂದಳು. ಐದು ಹೊತ್ತಿನ ನಮಾಜಿನಲ್ಲಿ ಒಂದು ಮಣಿಯೂ ತಪ್ಪದ ಬೆರಳುಗಳು ಅವು. ತುಳಜಾಬಾಯಿ ಕೈಗಡಿಯಾರ ಹಿಡಿದಳು. ಒಂದು ಟಿಕ್ಕಿಗೆ ಒಂದು ಮಣಿ. ನಿಮಿಷ ಮುಗಿದಾಗ ಮೂವತ್ತೊಂದು.

“ಒಂದೇ ಸಲಕ್ಕ ನಂಬಬ್ಯಾಡ್ರಿ” ಎಂದ ದಶರಥ. “ಇದು ಗಡಿಯಾರ ಬಡಿದಂಗ ಬರಂಗಿಲ್ಲ, ಒಮ್ಮಿ ಹೆಚ್ಚು ಒಮ್ಮಿ ಕಡಿಮಿ. ಮೂರು ಸಲ ನೋಡ್ರಿ.” ಎರಡನೆಯ ಸಲ ಇಪ್ಪತ್ತೆಂಟು, ಮೂರನೆಯ ಸಲ ಮೂವತ್ತೆರಡು.

“ಇದು ಭಾಳ ಏನು?”

“ಏನೂ ಭಯ ಇಲ್ರಿ. ನಿಮ್ಮ ಗುಡ್ಡದ ಕೆಂಪು ಕಲ್ಲು ಗಟ್ಟಿ ಜಾತಿದ್ದು, ಅಂಥಾ ಕಲ್ಲು ಸಾಮಾನ್ಯವಾಗಿ ಸುಣ್ಣದ ಕಲ್ಲಿಗಿಂತ ಒಂದಿಷ್ಟು ಹೆಚ್ಚೇ ಕಿರಣ ಬಿಡ್ತದ. ಹಾಂಗಂತ ಇಲ್ಲಿ ಮಂದಿ ಬಾಳೇ ಮಾಡಿಲ್ಲೇನು?”

ಜೈತುನ್ಬೀ ತಸಬಿಯನ್ನು ಮುಷ್ಟಿಯಲ್ಲಿ ಹಿಡಿದು ಯೋಚಿಸಿದಳು. ಆಮೇಲೆ ಎದ್ದು ಬುರಖಾ ತೊಟ್ಟಳು. “ನಾಳಿ ಮುಂಜಾನಿ ಗಾಡಿಗಿ ನಾನೂ ಬರ್ತೀನಿ. ಅಲ್ಲಿದೂ ನಾನೇ ಎಣಿಸಬೇಕು” ಎಂದವಳಿಗೆ, ಗಾಡಿ ನಾಳೆಗೆ ಇರುವಾಗ ಬುರಖಾ ಇಂದೇಕೆ ಎಂದು ಸೊಸೆ ನೆನಪಿಸಬೇಕಾಯಿತು.

ಮರುದಿನ ಖಣಿ ಓಣಿಯ ಜನವೆಲ್ಲ ಆಶಾಬಿಯ ಅಂಗಳದಲ್ಲಿತ್ತು. ಸುಣ್ಣ ಬಳಿದ ಕೋಣೆಯಲ್ಲಿ, ಬಾಣಂತಿ ಮಲಗುವ ಜಾಗದಲ್ಲೇ ಪೆಟ್ಟಿಗೆ ಇಟ್ಟರು. ಆಶಾಬಿ ಗೋಡೆಗೆ ಆನಿಕೊಂಡು ಕಣ್ಣು ಮುಚ್ಚಿದಳು. ಈ ಸಲ ಬರುವ ಅಂಕಿ ಏನೇ ಇರಲಿ, ಅದು ಖರೆ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಹೆದರಿಕೆಯೂ ಹೆಚ್ಚಾಗಿತ್ತು.

ಟಿಕ್. ಸ್ವಲ್ಪ ತಡೆದು, ಟಿಕ್. ಜೈತುನ್ಬೀಯ ಬೆರಳು ಮಣಿಯಿಂದ ಮಣಿಗೆ ಸರಿಯಿತು. ಹತ್ತೊಂಬತ್ತು. ಮತ್ತೆ ಎಣಿಸಿದಳು, ಇಪ್ಪತ್ತೊಂದು. ಮೂರನೆಯ ಸಲ ಹದಿನೆಂಟು. ಯಾರೂ ಹೇಳದಿದ್ದರೂ ನಾಲ್ಕನೆಯ ಸಲವೂ ಎಣಿಸಿದಳು.

“ನಮ್ಮನಿಗಿಂತ ಕಡಿಮಿ ಅದ” ಎಂದು ಮೆಲ್ಲಗೆ ಹೇಳಿದಳು.

ಅಂಗಳದಲ್ಲಿ ಗದ್ದಲವೋ ಗದ್ದಲ. ಮಜೀದಸಾಬನ ಸಂತೋಷಕ್ಕೆ ಎಲ್ಲೆಯೇ ಇಲ್ಲ, ನಕ್ಕು ನಕ್ಕು ಕೆಮ್ಮು ಹತ್ತಿತು. ಕೆಮ್ಮು ಹತ್ತಿದ್ದು ಬಿಡಲೊಲ್ಲದು. ತುಳಜಾಬಾಯಿ ಅವನ ಬೆನ್ನು ಸವರಿ, ಅಂಗಿಯನ್ನು ಒಮ್ಮೆ ತಟ್ಟಿದಳು. ಬಿಳಿ ಧೂಳು ಬುಸ್ಸೆಂದು ಎದ್ದಿತು.

“ಎಲ್ಲಾರೂ ಇಲ್ಲಿ ನೋಡ್ರಿ” ಎಂದಳು. “ಪೆಟ್ಟಗಿ ಕೇಳಿ ಹೆದರಿದ್ರಿ. ಹೆದರಬೇಕಾದ್ದು ಇದಕ್ಕ. ಈ ಧೂಳು ಎದಿಯಾಗ ಕುಂತ್ರ ಹೊಳ್ಳಿ ಬರಂಗಿಲ್ಲ. ಕಲ್ಲು ಕೊಯ್ಯೋ ಮುಂದ ನೀರು ಬಿಡ್ರಿ, ಮೂಗಿಗಿ ಬಾಯಿಗಿ ದಪ್ಪನ ಅರಬಿ ಕಟ್ಟಕೊಳ್ರಿ, ಅಂಗಿ ಹೊರಗೇ ಝಾಡಿಸಿ ಒಳಗ ಬರ್ರಿ. ಮಜೀದಸಾಬ, ನೀವು ಸೋಮವಾರ ದವಾಖಾನಿಗಿ ಬಂದು ಎದಿ ಫೋಟೋ ತಗಸ್ರಿ.”

“ಅದೇನು ನರ್ಸಬಾಯಿ, ನಮಗ ಇದೆಲ್ಲ ರೂಢಿ...” ಎಂದು ಮಜೀದಸಾಬ ಶುರು ಮಾಡಿದ.

“ಬೀಗರೇ” ಎಂದು ಜೈತುನ್ಬೀ ತಡೆದಳು. “ನನ್ನ ಮೊಮ್ಮಗ ಕೂಡೋ ತೊಡಿ ನಿಮ್ಮದು. ಧೂಳಿನ ಅಂಗಿ ಹಾಕ್ಕೊಂಡು ಕೂಸಿನ್ನ ಎತ್ತಕೊಂಡ್ರ ನಾ ಮುಂದಿನ ಗಾಡಿಗೇ ಹೊಳ್ಳಿ ಕರಕೊಂಡು ಹೋಗ್ತೀನಿ. ಸೋಮವಾರ ಹೋಗ್ರಿ.”

ಮಜೀದಸಾಬ ಹೂಂ ಅಂದ. ಸೋಮವಾರ ಹೋದ ಕೂಡ.

ಅಂದು ಜೈತುನ್ಬೀ ಹೊರಡುವ ಮುನ್ನ ಆಶಾಬಿ ಅವಳ ಕೈ ಹಿಡಿದುಕೊಂಡಳು. “ಪೆಟ್ಟಗಿ ನನ್ನ ಮಾನ ಉಳಿಸ್ತು ಆಪಾ.”

“ಪೆಟ್ಟಗಿ ಅಲ್ಲ” ಎಂದಳು ಜೈತುನ್ಬೀ. “ಆ ಸುಳ್ಳು ಕಾಗದ ತಂದಿದ್ರ ನಾನು ಬಾಯಿಲೆ ಹೂಂ ಅಂತಿದ್ದೆ, ಹೊಟ್ಟ್ಯಾನ ಸಂಶಯ ಹಾಂಗೇ ಉಳೀತಿತ್ತು. ನಿನ್ನ ತಪ್ಪು ನೀನೇ ಬಾಯಿ ಬಿಟ್ಟು ಹೇಳ್ದಿ. ಅದು ಕೇಳಿದ ಮ್ಯಾಲ ಗಾಡಿ ಹತ್ತಿದೆ. ಬರೋ ಶುಕ್ರವಾರ ಬಂದು ಮಗಳಿಗಿ ಕರಕೊಂಡು ಹೋಗು.”

ಆಶಾಬಿ ಅತ್ತೇಬಿಟ್ಟಳು. ಅತ್ತರೇನು, ಸಂತೋಷದ ಕಣ್ಣೀರಿಗೆ ಯಾರ ತಕರಾರು?

ಜುಲೈನಲ್ಲಿ ಶಹರಬಾನು ದವಾಖಾನೆಯಲ್ಲಿ ಹೆಣ್ಣು ಕೂಸು ಹೆತ್ತಳು. ಮೊಮ್ಮಗ ಎಂದು ಗಟ್ಟಿಯಾಗಿ ಹೇಳಿದ್ದ ಜೈತುನ್ಬೀ ಕೂಸಿನ ಮುಖ ನೋಡಿ ಆ ಮಾತನ್ನೇ ಮರೆತಳು. ಸುಣ್ಣದ ಕೋಣೆಯಲ್ಲಿ ಬಾಣಂತನ ನಡೆಯಿತು. ಕಿಟಕಿಗಳನ್ನು ದಿನಾ ತೆರೆದು ಗಾಳಿಯಾಡಿಸಿದರು. ಪಕ್ಕದ ಕಲ್ಲು ಕೊಯ್ಯುವ ಅಡ್ಡೆಯವರು ನೀರು ಬಿಟ್ಟೇ ಕೊಯ್ದರು. ಬಿಡದಿದ್ದರೆ ಆಶಾಬಿ ಬಿಡುತ್ತಿರಲಿಲ್ಲ.

ಓದುವ ಅಕ್ಕ ತಂಗಿಯರೇ, ಖಣಿಯಲ್ಲಿ ದುಡಿಯುವ ಅಣ್ಣ ತಮ್ಮಂದಿರೇ, ನಿಮ್ಮ ಊರಿಗೂ ನಾಳೆ ಅಳೆಯುವವರು ಬರಬಹುದು. ಪೆಟ್ಟಿಗೆ ಸದ್ದು ಮಾಡಿದರೆ ಓಡಬೇಡಿ, ಎಷ್ಟು ಎಂದು ಕೇಳಿ. ಗೋಡೆಗೆ ಪೊಟ್ಟಣ ತೂಗಿದರೆ ಒಲೆ, ದೀಪ, ಧೂಪ ಎಲ್ಲವನ್ನೂ ಅದರಿಂದ ದೂರ ಇಡಿ. ಧೂಳಿಗೆ ನೀರು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ. ಕೈತಪ್ಪಿ ಏನಾದರೂ ಕೆಟ್ಟರೆ ನಾಚದೆ ಹೇಳಿಬಿಡಿ, ಯಾರೂ ನಿಮ್ಮನ್ನು ಬೈಯುವುದಿಲ್ಲ, ಮತ್ತೆ ಅಳೆಯುತ್ತಾರೆ. ಅಂಕಿಯನ್ನು ಬರೆದುಕೊಂಡು ಅವರು ತಮ್ಮ ಊರಿಗೆ ಹೋಗುತ್ತಾರೆ. ಆ ನೆಲದ ಮೇಲೆ ಮಲಗುವ ಕೂಸು ನಿಮ್ಮದು.